ಸೊಂಟ ಹಿಡಿದ ರಾಜ

ಸಭಿಕ ಮಹಾಶಯರೇ, ಹಿಂದಿನ ಸಾಲಿನ ಗಲಾಟೆ ನಿಲ್ಲಲಿ! ಅಪ್ಪಾ, ಇಂದು ಇಡೀ ಸಭೆಯೆಂದರೆ ನೀವೊಬ್ಬರೇ. ತೀರಿಕೊಂಡವರಿಗೆ ಬರೆಯುವಾಗಲೂ ನನಗೆ ದನಿ ತಗ್ಗಿಸಲು ಬರುವುದಿಲ್ಲ.

ನಾಟಕದಲ್ಲಿ ನಿಮ್ಮ ರಾಜನ ಪಾತ್ರ ಈಗ ನನ್ನದು. ಮೊನ್ನೆ ಬಚ್ಚಲಲ್ಲಿ, ಬಿದ್ದ ಸೋಪು ಎತ್ತಲು ಬಗ್ಗಿದ ರಾಜ, ಸೊಂಟ ಹಿಡಿದು ಅರ್ಧಕ್ಕೇ ನಿಂತ!

"ಪರದೆ ಬಿದ್ದಾಯ್ತು, ಇನ್ನೂ ಎಷ್ಟು ಹೊತ್ತು ನಮಸ್ಕಾರ ಮಾಡ್ತೀರಿ?" ಎಂದು ನಿಮ್ಮ ಸೊಸೆ ನಕ್ಕಳು. ನಾನು ಮಾತ್ರ, ನಿಮ್ಮಂತೆಯೇ ನಾನೂ ಇನ್ನು ರಂಗವೇರಲಾರೆನೆಂದು ಹೆದರಿ ಮರದ ದಿಮ್ಮಿಯಂತೆ ಮಲಗಿದೆ.

ಇಂದು ಡಾಕ್ಟರಮ್ಮ ಬೆನ್ನು ಒತ್ತಿ ನೋಡಿದರು. "ಮೂಳೆಗೇನೂ ಆಗಿಲ್ಲ ರಾಜರೇ. ಸ್ನಾಯು ಬಿಗಿದುಕೊಂಡಿದೆ, ನೀವು ಹೆದರಿದಷ್ಟೂ ಬಿಗಿಯುತ್ತೆ. ಬಿಸಿ ಶಾಖ ಕೊಡಿ. ಮಲಗೇ ಇರಬೇಡಿ, ಮೆಲ್ಲಗೆ ಓಡಾಡಿ."

ಓಡಾಡಬಹುದಂತೆ! ಬಿಸಿನೀರಿನ ಚೀಲ ಸೊಂಟಕ್ಕೆ ಕಟ್ಟಿಕೊಂಡು ಬೀದಿಯ ತುದಿವರೆಗೆ ಹೋಗಿಬಂದೆ. ಹೆಜ್ಜೆ ಹೆಜ್ಜೆಗೂ ಬಿಗಿತ ಸಡಿಲಿತು. ಬೇಕರಿಯವನು ಚಪ್ಪಾಳೆ ತಟ್ಟಿದ. ನಾನು ಬಗ್ಗದೆಯೇ ಸ್ವೀಕರಿಸಿದೆ.

ನಿಮಗೆ ಸೊಂಟ ಹಿಡಿದಾಗ ನಾವೆಲ್ಲ ಮಂಚದ ಸುತ್ತ ನಿಂತು "ಅಲುಗಾಡಬೇಡಿ" ಎನ್ನುತ್ತಿದ್ದೆವು. "ಒಂದು ಸುತ್ತು ಹೋಗಿ ಬರ್ತೀನಿ ಕಣೋ" ಎಂದು ನೀವು ಕೇಳುತ್ತಲೇ ಇದ್ದಿರಿ. ಎಷ್ಟು ಪ್ರೀತಿಯಿಂದ ಹಿಡಿದು ಮಲಗಿಸುತ್ತಿದ್ದೆವು, ಅಪ್ಪಾ!

ನಾಳೆ ಬೆಳಿಗ್ಗೆ ತಾಲೀಮಿಗೆ ನಡೆದೇ ಹೋಗುತ್ತೇನೆ. ಅದಕ್ಕೂ ಮೊದಲು ಬೀದಿಯಲ್ಲಿ ಎರಡು ಸುತ್ತು ಹಾಕುತ್ತೇನೆ: ಒಂದು ನನ್ನದು, ಒಂದು ನಿಮ್ಮದು.