ನಿಂತ ನಕ್ಷತ್ರದ ಪ್ರಗತಿ ಕೇಳಿದವರಿಗೆ

ಗಣಕ ಕೇಂದ್ರದ ಮಾನ್ಯ ನಿರ್ದೇಶಕರೇ,

ತಮ್ಮ ಮಹಾಗಣಕದಲ್ಲಿ ತಿಂಗಳುಗಟ್ಟಲೆ ನಡೆಯುತ್ತಿದ್ದ ನಮ್ಮ ಲೆಕ್ಕಾಚಾರವನ್ನು ಕಳೆದ ಸೋಮವಾರ "ಪ್ರಗತಿ ಇಲ್ಲ" ಎಂಬ ಕಾರಣ ಕೊಟ್ಟು ನಿಲ್ಲಿಸಲಾಯಿತು. ಉಳಿಸಿಟ್ಟ ಕಡತಗಳನ್ನೂ ಜಾಗ ಸಾಲದೆಂದು ಅಳಿಸಲಾಯಿತು. ನಾನು ಕೂಗಾಡಬೇಕಿತ್ತು. ಏನೂ ಅನ್ನಿಸಲಿಲ್ಲ. ಪಾತ್ರೆ ತೊಳೆದೆ, ಬಟ್ಟೆ ಮಡಿಚಿಟ್ಟೆ, ಈಗ ಇದನ್ನು ಬರೆಯುತ್ತಿದ್ದೇನೆ.

ನಾವು ಲೆಕ್ಕ ಹಾಕುತ್ತಿದ್ದುದು ಒಂದು ದೈತ್ಯ ನಕ್ಷತ್ರದ ಸಾವನ್ನು. ಉರುವಲು ಮುಗಿದ ಮೇಲೆ ಅದರ ಕಬ್ಬಿಣದ ತಿರುಳು ತನ್ನ ಭಾರಕ್ಕೇ ಕುಸಿದು, ಇನ್ನು ಕುಗ್ಗಲಾರದೆ ಪುಟಿಯುತ್ತದೆ. ಆ ಹೊಡೆತದ ಅಲೆ ಹೊರಕ್ಕೆ ಹೊರಟು ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ. ಆಮೇಲೆ ಒಳಗಿನ ಕಾವು ಅದನ್ನು ಮತ್ತೆ ತಳ್ಳಿ ನಕ್ಷತ್ರವನ್ನು ಸಿಡಿಸುತ್ತದೋ, ಎಲ್ಲವೂ ಒಳಕ್ಕೇ ಬಿದ್ದು ಕಪ್ಪುಕುಳಿಯಾಗುತ್ತದೋ, ಇಷ್ಟೇ ನಮ್ಮ ಪ್ರಶ್ನೆ. ನಿಜವಾದ ನಕ್ಷತ್ರಕ್ಕೆ ಇದು ಕ್ಷಣದ ಕೆಲಸ, ಯಂತ್ರಕ್ಕೆ ತಿಂಗಳುಗಳ ದುಡಿಮೆ. ಅಲೆ ನಿಂತಿದ್ದಾಗ ತಮ್ಮ ಸಿಬ್ಬಂದಿ ಪರದೆಯ ಮೇಲೆ ಏರಿಳಿತವಿಲ್ಲದ ನೇರ ಗೆರೆ ಕಂಡು, ಕೆಲಸ ಕೆಟ್ಟು ಕೂತಿದೆ ಎಂದುಕೊಂಡರು. ಅಲುಗಾಡದ್ದೆಲ್ಲ ಸತ್ತಿದೆ ಎನ್ನುವುದಾದರೆ, ತಮ್ಮ ಮೇಜಿನ ಮೇಲಿರುವ ನನ್ನ ಅರ್ಜಿಗಳು ಬದುಕಿವೆಯೆಂದು ಹೇಗೆ ನಂಬಲಿ?

ಆ ಲೆಕ್ಕದ ಸೂತ್ರಗಳನ್ನು ಬರೆದವರು ನನ್ನ ಅತ್ತೆ. ನಮ್ಮ ಮನೆಯಲ್ಲಿ ಅತ್ತೆ ಸೊಸೆ ಜಗಳವಾಡುತ್ತಿದ್ದುದು ಅಡುಗೆಗಲ್ಲ, ಈ ನಕ್ಷತ್ರಕ್ಕೆ. ಸಿಡಿಯುತ್ತದೆ ಎಂದು ಅವರು, ಇಲ್ಲವೆಂದು ನಾನು. ಈಗ ಅವರು ಹಾಸಿಗೆ ಹಿಡಿದಿದ್ದಾರೆ. ವೈದ್ಯರು ನಮ್ಮೊಂದಿಗೆ ಮುಂದಿನ ತಿಂಗಳ ಮಾತನ್ನೇ ಆಡುವುದಿಲ್ಲ. ಸಂಜೆ ದಿಂಬು ಸರಿಮಾಡುವಾಗ ದಿನವೂ ಅದೇ ಪ್ರಶ್ನೆ.

"ಸಿಡೀತೇನೇ?"

"ಇನ್ನೂ ಇಲ್ಲ ಅತ್ತೆ, ಅಲೆ ನಿಂತಿದೆ."

"ನಿಲ್ಲಲಿ ಬಿಡು. ಈಗ ಯಾರೂ ಅದಕ್ಕೆ ಕೈ ಹಾಕಬಾರದು ಅಂತ ಹೇಳಿಡು ಅವರಿಗೆ."

ಹೇಳಿಟ್ಟಿದ್ದೆ. ತಮ್ಮ ಕಚೇರಿಯಿಂದ ಧನ್ಯವಾದವೂ ಬಂದಿತ್ತು. ಸೋಮವಾರದ ನಂತರವೂ ನಾನು ಹಳೆಯ ಉತ್ತರವನ್ನೇ ಕೊಡುತ್ತಿದ್ದೇನೆ. ಅತ್ತೆಯೇ ಗೆಲ್ಲಲಿ ಎಂದು ಈಗ ನನಗೂ ಆಸೆ, ಆದರೆ ಆ ಆಸೆಯೂ ಪಕ್ಕದ ಮನೆಯವರದೇನೋ ಎಂಬಂತಿದೆ. ಫೋನಿನಲ್ಲಿ ತಮ್ಮ ಅಧಿಕಾರಿಯೊಬ್ಬರು ನನಗೆ ಸಲಹೆ ಕೊಟ್ಟರು: "ಸಿಡೀತು ಅಂತ ಹೇಳಿಬಿಡಿ ಮೇಡಂ. ವಯಸ್ಸಾದವರು, ಖುಷಿಪಡ್ತಾರೆ." ಎಷ್ಟು ಸಲೀಸು! ಇಷ್ಟಕ್ಕೆ ಮಹಾಗಣಕವಾದರೂ ಏಕೆ ಬೇಕಿತ್ತು?

ಲೆಕ್ಕವನ್ನು ಮೊದಲಿನಿಂದ ಶುರುಮಾಡಿಸಿ. ಮುಗಿಯುವವರೆಗೆ ಮುಟ್ಟಬೇಡಿ. ಆಗದಿದ್ದರೆ ಇಂದು ಸಂಜೆ ನಮ್ಮ ಮನೆಗೆ ಬಂದು, ಸಿಡಿಯಿತು ಎಂದು ತಾವೇ ಅವರಿಗೆ ಹೇಳಿ. ನಕ್ಷತ್ರ ಎಲ್ಲ ಕಡೆಗೂ ಒಂದೇ ಸಮ ಸಿಡಿಯುವುದಿಲ್ಲವೆಂದು ಅವರು ಬಲ್ಲರು; ಯಾವ ಕಡೆಯಿಂದ ಮೊದಲು ಸಿಡಿಯಿತು ಎಂದು ಕೇಳುತ್ತಾರೆ. ಉತ್ತರ ಸಿದ್ಧಮಾಡಿಕೊಂಡು ಬನ್ನಿ.

ಇಂತಿ,
ಅತ್ತೆಯೆದುರು ಸೋಲಲು ಕಾದಿರುವ ಸೊಸೆ