ನಿಂತು ಊದುವ ಕೆಲಸ

ಪಣಜಿ, ಸೋಮವಾರ

ಮಾವನವರಿಗೆ ಹುಸೇನಪ್ಪನ ಶರಣು. ಫೋನಿನ ಮಾತು ನಿಮಗೆ ಕೇಳಿಸುವುದಿಲ್ಲ, ಅದಕ್ಕೇ ಈ ಕಾರ್ಡು.

ಇಲ್ಲಿ ನಾನು ಸೇರಿದ ಹೋಟೆಲಿನ ಜಾಜ್ ಬ್ಯಾಂಡಿನವರು ನಿಂತಲ್ಲೇ ನಿಂತು ನುಡಿಸುತ್ತಾರೆ ಮಾವ, ಒಂದು ಹೆಜ್ಜೆಯೂ ಮುಂದಿಡುವುದಿಲ್ಲ. ನಾನೋ ಇಪ್ಪತ್ತು ವರ್ಷ ಮಾನ್ವಿಯಲ್ಲಿ ಮದುಮಗನ ಕುದುರೆ ಮುಂದೆ ನಡೆಯುತ್ತಲೇ ಸ್ಯಾಕ್ಸೋಫೋನ್ ಊದಿದವನು. ಕಾಲು ನಿಂತರೆ ಉಸಿರೂ ನಿಲ್ಲುತ್ತದೆ. ನಿನ್ನೆ ಹೋಟೆಲಿನಲ್ಲಿ ಊದುತ್ತ ಊದುತ್ತ ಮೈಕು ಬಿಟ್ಟು, ಊಟಕ್ಕೆ ಕೂತವರ ನಡುವೆ ಹಾದು ಬಾಗಿಲ ತನಕ ಹೋಗಿಬಿಟ್ಟೆ. ಡ್ರಮ್ಮು ಬಾರಿಸುವ ದೇವದುರ್ಗದ ಅಲ್ತಾಫ್ ಓಡಿಬಂದು ಅಂಗಿ ಹಿಡಿದ.

"ಎಲ್ಲಿಗ್ ಹೊಂಟೀರಿ ಮಾಸ್ತರ? ಈ ಕಡಿ ಯಾವ ಹೆಣ್ಣಿನ ಮನೀನೂ ಇಲ್ರಿ!"

ಜನ ನಕ್ಕರು, ಮಾಲೀಕರು ನಗಲಿಲ್ಲ. ಇವತ್ತೂ ನಡೆದರೆ ನಾಳೆ ರಾಯಚೂರಿನ ಬಸ್ಸು ಹತ್ತು ಎಂದಿದ್ದಾರೆ. ಮಾನ್ವಿಯ ನಮ್ಮ ಮದುವೆ ಬ್ಯಾಂಡನ್ನು ಬೇರೆಯವರ ಕೈಗೆ ಕೊಟ್ಟು ಬಂದವನು, ತಿರುಗಿ ಬಂದು ಯಾರ ಮುಂದೆ ಊದಲಿ?

ತುಟಿ ಒಡೆದಿದೆ, ತುಪ್ಪ ಹಚ್ಚುತ್ತಿದ್ದೇನೆ. ನಿಮ್ಮ ಮಗಳಿಗೆ ಹೇಳಬೇಡಿ, ಊಟ ಬಿಡುತ್ತಾಳೆ.

ಇವತ್ತು ಬೂಟಿನ ದಾರವನ್ನು ಮೈಕಿನ ಕಂಬಕ್ಕೆ ಕಟ್ಟಿಕೊಂಡು ನಿಲ್ಲುತ್ತೇನೆ. ಕಂಬವನ್ನೂ ಎಳೆದುಕೊಂಡು ಹೊರಟುಬಿಟ್ಟರೆ ಏನು ಗತಿ ಮಾವ? ಅಲ್ತಾಫ್ ಕರೆಯುತ್ತಿದ್ದಾನೆ, ಹೋಗುತ್ತೇನೆ.

ನಿಮ್ಮ ಅಳಿಯ
ಹುಸೇನಪ್ಪ