ಖರಗ್‌ಪುರದಿಂದ ಹೊರಟ ವಿಮಾನ

ಜೂನ್ 3, ಮಂಗಳವಾರ. ಸಂಜೆ 7:15

ಇವತ್ತೂ ಕಂಪ್ಯೂಟರಿನಲ್ಲಿ ವಿಮಾನದ ಎಂಜಿನ್ ಕಟ್ಟುವುದೇ. ಮೂರನೆಯದರ ಕವಚ ಮುಗಿಯಿತು. ನಾಲ್ಕನೆಯದು ನಾಳೆ. ಕಣ್ಣು ಉರಿ. ಮೂಲೆಯ ಕೊಂಬಿನಿ ಅಂಗಡಿಯಿಂದ ತಂದ ಅನ್ನದುಂಡೆ ತಿಂದೆ. ಅದೇ ಊಟ.

ಮಧ್ಯಾಹ್ನ ಚಂದ್ರಮೋಹನ್ ಕುರ್ಚಿಯ ಹಿಂದೆ ಬಂದು ನಿಂತ. ಎದುರಿಗೆ ‘ನೀವು’, ಇಲ್ಲಿ ‘ಅವನು’. ಈ ಪುಸ್ತಕವನ್ನು ಯಾರೂ ಓದುವುದಿಲ್ಲವಲ್ಲ. ಮೈಸೂರಿನವನು, ಹನ್ನೊಂದು ವರ್ಷದಿಂದ ಫುಕುವೋಕಾದಲ್ಲಿದ್ದಾನೆ, ನಮ್ಮ ಟೀಮ್ ಲೀಡ್. ಬಾಯಲ್ಲಿ ಯಾವಾಗಲೂ ಪೆಪ್ಪರ್‌ಮಿಂಟ್. ಆ ವಾಸನೆ ಬಂದರೆ ಸಾಕು, ನನ್ನ ಭುಜ ಬಿಗಿಯುತ್ತದೆ.

“ಇನ್ನೂ ಎಂಜಿನ್ನಾ? ರಕ್ಷಾ, ರೆಡಿಮೇಡ್ ಮಾಡೆಲ್ ಸಿಗತ್ತೆ ಕಣಮ್ಮ. ಒಂದು ಕ್ಲಿಕ್. ಬಿ-29 ಅಂದ್ರೆ ಬಿ-29.”

“ಅದು ನಲವತ್ತೈದರದ್ದು. ಮೇಲಿನ ಗೋಪುರದಲ್ಲಿ ನಾಲ್ಕು ಗನ್ ಇದೆ. ಯಹಾತಾಕ್ಕೆ ಬಂದಿದ್ದಕ್ಕೆ ಎರಡೇ.”

“ಹೆಡ್‌ಸೆಟ್ ಹಾಕ್ಕೊಂಡ ಮಕ್ಕಳು ಗನ್ ಎಣಿಸ್ತಾರಾ?”

ಎಣಿಸುವುದಿಲ್ಲ, ನನಗೂ ಗೊತ್ತು. ಅದಕ್ಕೇ ಇನ್ನೂ ಸಿಟ್ಟು ಬಂತು.

ಆಗಸ್ಟ್ 20ಕ್ಕೆ ಯಹಾತಾದ ಸ್ಮಾರಕ ಭವನದಲ್ಲಿ ನಮ್ಮ ಪ್ರದರ್ಶನದ ಉದ್ಘಾಟನೆ. 1944ರಲ್ಲಿ ಅದೇ ದಿನ ಆ ಊರಿನ ಮೇಲೆ ಬಾಂಬ್ ಬಿದ್ದು ಎಂಬತ್ತೊಂದು ವರ್ಷ. ವಿಆರ್ ಹೆಡ್‌ಸೆಟ್ ಹಾಕಿಕೊಂಡವರಿಗೆ ಮೊದಲು ಕಾಣುವುದು ವಿಮಾನ ನಿಲ್ಲಿಸುವ ಒಂದು ದೊಡ್ಡ ಕೊಟ್ಟಿಗೆ. ಅಲ್ಲಿ ಒಂದೇ ವಿಮಾನದ, ಅಮೆರಿಕದ ಬಾಂಬರ್ ಬಿ-29ರ, ಐದು ಅವತಾರ ಸಾಲಾಗಿ ನಿಂತಿರುತ್ತವೆ: ಮೂರೆಲೆಯ ಪ್ರೊಪೆಲ್ಲರಿನ ಮೊದಲ ಮಾದರಿ, ಯಹಾತಾಕ್ಕೆ ಬಂದದ್ದು, ರೆಕ್ಕೆ ಬದಲಾಯಿಸಿದ ‘ಎ’ ಮಾದರಿ, ಬಾಲದ ಗನ್ ಬಿಟ್ಟು ಉಳಿದ ಗನ್‌ಗಳನ್ನೆಲ್ಲ ಕಿತ್ತುಹಾಕಿದ ‘ಬಿ’ ಮಾದರಿ, ಬರೀ ಕ್ಯಾಮೆರಾ ಹೊತ್ತು ಹಾರಿದ್ದು. ಆಮೇಲೆ ಬೀದಿ, ಆಕಾಶ, ಸೈರನ್. ಬೀದಿ ಬೇರೆಯವರದು. ವಿಮಾನಗಳು ನನ್ನವು.

ಜೂನ್ 5, ಗುರುವಾರ. ಸಂಜೆ 6:00

ಹಿರಾನೋ-ಸಾನ್ ಮನೆಗೆ ಹೋಗಿದ್ದೆ. ಯಹಾತಾ, ಗುಡ್ಡದ ಮೇಲೆ, ಮೆಟ್ಟಿಲು ಹತ್ತಿ ಹತ್ತಿ ಉಸಿರು ಸಿಕ್ಕಿಕೊಂಡಿತು. ಎಂಬತ್ತೇಳು ವರ್ಷದ ಮುದುಕ ಮೇಲೆ ನಿಂತು ನೋಡುತ್ತಿದ್ದರು. ಆ ದಾಳಿಯನ್ನು ಕಣ್ಣಾರೆ ಕಂಡವರಲ್ಲಿ ಉಳಿದಿರುವುದು ಇವರೊಬ್ಬರೇ, ಹಾಗಾಗಿ ಇವರು ಹೂಂ ಅನ್ನದೆ ಭವನದಲ್ಲಿ ಏನೂ ಮುಂದಕ್ಕೆ ಹೋಗುವುದಿಲ್ಲ. ಮನೆಯಲ್ಲೂ ಒಬ್ಬರೇ ಇದ್ದಾರೆ. ತಣ್ಣಗಿನ ಬಾರ್ಲಿ ಚಹಾ ಕೊಟ್ಟರು. ನನ್ನ ಜಪಾನಿ ಕುಂಟುತ್ತದೆಂದು ನಿಧಾನವಾಗಿ ಮಾತನಾಡಿದರು. ನಾನು ‘ರಾಕುಷಾ-ಸಾನ್’ ಆಗಿದ್ದೇನೆ. ತಿದ್ದಲಿಲ್ಲ. ಅವರ ಬಾಯಲ್ಲಿ ಚೆನ್ನಾಗಿತ್ತು.

ಅಂದು ಅವರಿಗೆ ಆರು ವರ್ಷ. ಗುಡ್ಡದ ಮೇಲೆ ಜೀರುಂಡೆ ಹಿಡಿಯುತ್ತಿದ್ದರಂತೆ. ಸೈರನ್ ಆಯಿತು, ಓಡಲಿಲ್ಲ.

“ಬೆಳ್ಳಿ ಬಣ್ಣ. ತುಂಬಾ ಸಣ್ಣವು. ನಾನು ಜೋರಾಗಿ ಎಣಿಸಿದೆ. ಹದಿನಾಲ್ಕರವರೆಗೆ. ನನಗೆ ಅಲ್ಲಿಯವರೆಗೆ ಮಾತ್ರ ಬರುತ್ತಿತ್ತು.”

ಕೆಳಗೆ ಉಕ್ಕಿನ ಕಾರ್ಖಾನೆಯಲ್ಲಿ ಅಕ್ಕ ಇದ್ದಳು. ಫುಮಿ. ಹದಿನೈದು ವರ್ಷ. ಶಾಲೆಯ ಹುಡುಗಿಯರನ್ನೆಲ್ಲ ಕೆಲಸಕ್ಕೆ ಹಾಕಿದ್ದರು. ಇಷ್ಟನ್ನು ಹೇಳಿ ಲ್ಯಾಪ್‌ಟಾಪಿನ ಕಡೆ ತಿರುಗಿದರು. ನನ್ನ ಎರಡನೆಯ ಎಂಜಿನ್ ಮೇಲೆ ಬೆರಳಿಟ್ಟರು.

“ಒಂದಕ್ಕೆ ಇಲ್ಲಿಂದ ಹೊಗೆ ಬರುತ್ತಿತ್ತು. ದಾರದ ಹಾಗೆ. ಯಾರೂ ಹೊಡೆದಿರಲಿಲ್ಲ.”

ನಂಬಿದೆ. ಆ ಎಂಜಿನ್‌ಗಳು ತಾವಾಗಿಯೇ ಹೊತ್ತಿಕೊಳ್ಳುತ್ತಿದ್ದವು. ಅವಸರದಲ್ಲಿ ಕಟ್ಟಿದ ವಿಮಾನ. ಪರೀಕ್ಷೆಗೆಂದು ಕಟ್ಟಿದವುಗಳಲ್ಲಿ ಎರಡನೆಯ ವಿಮಾನ, ಎಂಜಿನ್‌ಗೆ ಬೆಂಕಿ ಬಿದ್ದು, ಅದನ್ನು ಕಟ್ಟಿದ ಊರಿನ ಮೇಲೆಯೇ ಬಿತ್ತು. ಮೊದಲು ಕೊಂದದ್ದು ತನ್ನವರನ್ನೇ. ಇದನ್ನು ಹೇಳಿದೆ. ಹಿರಾನೋ-ಸಾನ್ ಬಹಳ ಹೊತ್ತು ತಲೆಯಾಡಿಸಿದರು.

ಈ ದೇಶಕ್ಕೆ ಬಂದ ಎರಡು ವರ್ಷದಲ್ಲಿ ನನ್ನ ಕೆಲಸವನ್ನು ಇಷ್ಟು ಹತ್ತಿರದಿಂದ ಯಾರೂ ನೋಡಿಲ್ಲ.

ಜೂನ್ 12, ಗುರುವಾರ

ನಮ್ಮ ಕಂಪನಿಯ ಡೈರೆಕ್ಟರ್ ಕುರೋಕಿ-ಸಾನ್ ಮುಂದೆ ಡೆಮೊ. ಮಾತನಾಡಿದ್ದು ಚಂದ್ರಮೋಹನ್. ‘ನಮ್ಮ ಟೀಮ್’ ಎಂದು ಹನ್ನೆರಡು ಸಲ ಹೇಳಿದ. ಎಣಿಸಿದೆ. ದಾರದಂಥ ಹೊಗೆಯನ್ನೂ ‘ನಮ್ಮ ಟೀಮ್’ ಕಂಡುಹಿಡಿಯಿತಂತೆ. ಆಕೆ ಅವನಿಗೆ ಬಾಗಿದರು, ಅವನು ಆಕೆಗಿಂತ ಎರಡಿಂಚು ಹೆಚ್ಚು ಬಾಗಿದ. ನಾನು ಕೇಬಲ್ ಸುತ್ತುತ್ತಿದ್ದೆ.

ಹಾಳಾಗಿ ಹೋಗಲಿ.

ಜೂನ್ 20, ಶುಕ್ರವಾರ. ಮಧ್ಯಾಹ್ನ, ಊಟದ ಬಿಡುವು

ಊಟದ ಡಬ್ಬಿ ತೆರೆದಿಲ್ಲ. ಮೊದಲು ಇದನ್ನು ಬರೆಯಬೇಕು.

ಕೊಟ್ಟಿಗೆಯ ಗೋಡೆಗೆ ಬರುವ ಬರಹ ನಾನು ಬರೆದದ್ದು. ‘ಈ ವಿಮಾನಗಳು ಭಾರತದ ಖರಗ್‌ಪುರದ ಸುತ್ತಲಿನ ನೆಲೆಗಳಿಂದ ಬಂದವು. ಹಿಮಾಲಯ ದಾಟಿ, ಚೀನಾದ ಚೆಂಗ್ದುವಿನಿಂದ ಯಹಾತಾಕ್ಕೆ ಹಾರಿದವು.’ ಇವತ್ತು ಫೈಲ್ ತೆರೆದರೆ ‘ಚೀನಾದಿಂದ ಬಂದವು.’ ಅಷ್ಟೇ. ಭಾರತ ಇಲ್ಲ.

ಅವನನ್ನು ಮೆಟ್ಟಿಲ ಬಳಿ ತಡೆದು ನಿಲ್ಲಿಸಿದೆ.

“ಯಾಕೆ ತೆಗೆದ್ರಿ?”

“ಚೀನಾದಿಂದ ಬಂದಿದ್ದು ಸುಳ್ಳಾ?”

“ಅರ್ಧ ನಿಜ.”

“ಅರ್ಧ ಸಾಕು. ಆಗಸ್ಟಲ್ಲಿ ಕಾಂಟ್ರಾಕ್ಟ್ ರಿನ್ಯೂವಲ್ ಇದೆ. ನಂದು, ನಿಂದು, ಇಬ್ಬರ ವೀಸಾನೂ ಅದ್ರ ಮೇಲೆ ನಿಂತಿದೆ. ಇಡೀ ಆಫೀಸಲ್ಲಿ ಇಂಡಿಯನ್ಸ್ ನಾವಿಬ್ರೇ. ಅಂಥದ್ರಲ್ಲಿ ನಾವೇ ಗೋಡೆ ಮೇಲೆ ಬರೀಬೇಕಾ, ನಿಮ್ಮ ಮೇಲೆ ಬಾಂಬ್ ಹಾಕಿದ್ದು ನಮ್ಮೂರಿಂದ ಅಂತ?”

“ಹಾಕಿದ್ದು ಅಮೆರಿಕದವರು. ಆಳ್ತಾ ಇದ್ದಿದ್ದು ಬ್ರಿಟಿಷರು.”

“ಅದನ್ನ ಎರಡನೇ ಕ್ಲಾಸಿನ ಮಕ್ಕಳಿಗೆ ನೀನು ಹೇಳ್ತೀಯಾ? ನಮ್ಮ ನಿಧಿ ಸ್ಕೂಲಿಂದ ಎಲ್ಲರನ್ನೂ ಕರ್ಕೊಂಡು ಬರ್ತಾರೆ. ಅವಳೊಬ್ಬಳೇ ಬೇರೆ ಬಣ್ಣ ಆ ಕ್ಲಾಸಲ್ಲಿ. ಮನೆಗೆ ಬಂದು ಅಳೋದು ನನ್ನ ಮುಂದೆ, ನಿನ್ನ ಮುಂದೆ ಅಲ್ಲ.”

“ಮಗಳನ್ನ ಅಡ್ಡ ಇಡಬೇಡಿ. ಹೆದರಿಕೆ ನಿಮ್ಮದು.”

ಪೆಪ್ಪರ್‌ಮಿಂಟ್ ಕಟುಂ ಎಂದು ಕಡಿದ. “ನಿನಗೆ ಮನೆ ಇಲ್ಲ, ಮಕ್ಕಳಿಲ್ಲ. ಸತ್ಯ ಬಿಟ್ರೆ ಬೇರೆ ಏನಿದೆ ನಿಂಗೆ?”

ಕನ್ನಡದಲ್ಲಿಯೇ ಹೇಳಿದ. ಅಕ್ಕಪಕ್ಕದವರಿಗೆ ನಾವು ಹವಾಮಾನದ ಬಗ್ಗೆ ಮಾತನಾಡುತ್ತಿದ್ದಂತೆ ಕಂಡಿರಬೇಕು.

ಜುಲೈ 8, ಮಂಗಳವಾರ. ಬೆಳಿಗ್ಗೆ 10:40

ಮುಗಿಯಿತು. ನನ್ನ ಐದು ವಿಮಾನಗಳ ಜಾಗದಲ್ಲಿ ರೆಡಿಮೇಡ್ ಒಂದೇ, ಐದು ಬಣ್ಣದಲ್ಲಿ. ನನ್ನದು ‘ಬ್ಯಾಕಪ್’ ಎಂಬ ಫೋಲ್ಡರಿಗೆ ಹೋಗಿದೆ. ಕುರೋಕಿ-ಸಾನ್ ಕರೆದು ನಯವಾಗಿ ಹೇಳಿದರು, ಟೀಮಿನಲ್ಲಿ ಹೊಂದಾಣಿಕೆ ಮುಖ್ಯವಂತೆ. ನಾಳೆಯಿಂದ ಒಂದು ಶಾಪಿಂಗ್ ಮಾಲಿನ ನಕಾಶೆ ಮಾಡಬೇಕಂತೆ. ಶೌಚಾಲಯ ಎಲ್ಲಿ, ಲಿಫ್ಟ್ ಎಲ್ಲಿ.

ಅವನು ತಲೆ ಎತ್ತಿ ನೋಡಲೂ ಇಲ್ಲ.

ಜುಲೈ 12, ಶನಿವಾರ. ಸಂಜೆ 5:30, ವಾಪಸ್ ರೈಲಿನಲ್ಲಿ

ಯಾರೂ ಹೇಳದೆ ನಾನೇ ಹೋದೆ. ಹಿರಾನೋ-ಸಾನ್ ಪೀಚ್ ಹಣ್ಣು ಹೆಚ್ಚಿ ಇಟ್ಟರು. ಬಿಸಿಲಿನಲ್ಲಿ ಬಂದಿರಿ, ಮೊದಲು ತಿನ್ನಿ ಎಂದರು. ತಿಂದೆ. ತಿಂದ ಮೇಲೆ ಹೇಳಿದೆ.

ವಿಮಾನ ಬದಲಾಗಿದೆ ಎಂದೆ. ಬರಹದಿಂದ ಒಂದು ಸಾಲು ತೆಗೆದಿದ್ದಾರೆ ಎಂದೆ. ನನ್ನ ಮೂಲ ಬರಹವನ್ನು ಪರದೆಯ ಮೇಲೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

“ಇಂಡಿಯಾ?”

“ಹೌದು.”

“ನಾನು ಚೀನಾ ಎಂದುಕೊಂಡಿದ್ದೆ. ಎಂಬತ್ತೊಂದು ವರ್ಷ.”

“ಚೀನಾದಲ್ಲಿ ನಿಲ್ಲುತ್ತಿದ್ದವು. ಮನೆ ಇಂಡಿಯಾದಲ್ಲಿ.”

“ಅಲ್ಲಿ ರನ್‌ವೇ ಯಾರು ಕಟ್ಟಿದರು?”

ಅಮೆರಿಕದವರು ಎಂದು ಬಿಡಬಹುದಿತ್ತು. “ನಮ್ಮ ಜನ,” ಎಂದೆ. “ಸಾವಿರಾರು ಕೂಲಿಗಳು. ಹೆಂಗಸರು ಕಲ್ಲನ್ನು ತಲೆಯ ಮೇಲೆ ಹೊತ್ತರು. ಹೊಟ್ಟೆಗಿಲ್ಲದ ವರ್ಷಗಳು ಅವು.”

“ನಿಮ್ಮ ಮನೆಯವರು?”

ಇಲ್ಲ ಎಂದರೆ ಸಾಕಿತ್ತು. ಆದರೆ ಮುತ್ತಜ್ಜ ನೆನಪಾದರು. ಭೀಮಸೇನರಾಯರು. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಯುದ್ಧದ ಕಾಲದಲ್ಲಿ ಅಮೆರಿಕದ ವಿಮಾನಗಳನ್ನು ರಿಪೇರಿ ಮಾಡುತ್ತಿದ್ದರು. ಆ ಫೋಟೋ ನಮ್ಮ ಮನೆಯಲ್ಲಿ ಈಗಲೂ ಇದೆ, ಚಿಕ್ಕವಳಿದ್ದಾಗ ಬಂದವರಿಗೆಲ್ಲ ತೋರಿಸುತ್ತಿದ್ದೆ. ಅದನ್ನೂ ಹೇಳಿದೆ. ಅವು ಬೇರೆ ವಿಮಾನಗಳು, ಇವಲ್ಲ ಎಂದೂ ಹೇಳಿದೆ. ಸರಿಯಾದ ಪದ ಸಿಗಲಿಲ್ಲವೋ, ಅವರಿಗೆ ಕೇಳಿಸಲಿಲ್ಲವೋ.

ಲ್ಯಾಪ್‌ಟಾಪಿನ ಮುಚ್ಚಳವನ್ನು ಅವರೇ ಮುಚ್ಚಿದರು. ಮೆಲ್ಲಗೆ.

“ಇದನ್ನು ಇಷ್ಟು ದಿನ ಇಟ್ಟುಕೊಂಡು ನನ್ನ ಮನೆಯಲ್ಲಿ ಚಹಾ ಕುಡಿದಿರಿ.”

“ಹಿರಾನೋ-ಸಾನ್, ಸುಮಿಮಾಸೆನ್, ಕ್ಷಮಿಸಿ, ನಾನು—”

“ಇವತ್ತು ಹೋಗಿ.”

ಬಾಗಿಲವರೆಗೆ ಬರಲಿಲ್ಲ. ಮೆಟ್ಟಿಲಿಳಿಯುವಾಗ ಹಿಂದಿರುಗಿ ನೋಡಿದೆ, ಮೇಲೆ ಯಾರೂ ನಿಂತಿರಲಿಲ್ಲ.

ಒಂದು ಮಾತನ್ನು ಇಲ್ಲಿಯಾದರೂ ನೆಟ್ಟಗೆ ಬರೆಯಬೇಕು. ಸತ್ಯ ತಿಳಿಯಲಿ ಎಂದು ಹೋದದ್ದಲ್ಲ. ಚಂದ್ರಮೋಹನ್ ಮುಖ ಸಪ್ಪಗಾಗಲಿ ಎಂದು ಹೋದದ್ದು. ಮುದುಕನ ಸತ್ತ ಅಕ್ಕನನ್ನು ಕೈಯಲ್ಲಿ ಕಲ್ಲಿನ ಹಾಗೆ ಹಿಡಿದುಕೊಂಡು ಹೋದೆ.

ಜುಲೈ 17, ಗುರುವಾರ. ಸಂಜೆ 6:20

ಹಿರಾನೋ-ಸಾನ್ ಆಫೀಸಿಗೆ ಬಂದರು. ಒಬ್ಬರೇ, ರೈಲಿನಲ್ಲಿ, ಕೋಲೂರಿಕೊಂಡು, ಕೋಟು ಹಾಕಿಕೊಂಡು. ಮೂವತ್ತೈದು ಡಿಗ್ರಿ ಬಿಸಿಲು.

ಮೀಟಿಂಗ್ ರೂಮಿನಲ್ಲಿ ಕುರೋಕಿ-ಸಾನ್, ಅವನು, ನಾನು. ನನ್ನ ಕಡೆ ಅವರು ತಿರುಗಲಿಲ್ಲ.

“ತೆಗೆದ ಸಾಲನ್ನು ಹಾಕಿ,” ಎಂದರು. “ದೇಶದ ಹೆಸರು, ಊರಿನ ಹೆಸರು, ಎರಡೂ ಇರಲಿ. ಕಲ್ಲು ಹೊತ್ತವರನ್ನೂ ಹಾಕಿ.”

ಕುರೋಕಿ-ಸಾನ್ ಟಿಪ್ಪಣಿ ಮಾಡಿಕೊಂಡರು.

“ವಿಮಾನವನ್ನೂ ಬದಲಾಯಿಸಿ. ನನ್ನ ಅಕ್ಕನನ್ನು ಕೊಂದದ್ದು ಯಾವುದೋ ಒಂದು ವಿಮಾನವಲ್ಲ.”

ಗೆದ್ದೆ ಎಂದುಕೊಂಡೆ. ಎದುರಿಗೆ ಅವನ ಕಿವಿ ಕೆಂಪಾಗಿತ್ತು, ಕಣ್ತುಂಬ ನೋಡಿದೆ. ಆಗ ಹಿರಾನೋ-ಸಾನ್ ಅದೇ ದನಿಯಲ್ಲಿ ಮುಂದುವರಿಸಿದರು.

“ಉದ್ಘಾಟನೆಯ ದಿನ ಈಕೆ ಬರಕೂಡದು. ತಪ್ಪು ಈಕೆಯದಲ್ಲ, ನನಗೆ ಗೊತ್ತು. ಆದರೆ ಮುಖ ನೋಡಲು ನನ್ನಿಂದಾಗುವುದಿಲ್ಲ.”

ಅಷ್ಟು ಜಪಾನಿ ನನಗೆ ಅರ್ಥವಾಗುತ್ತದೆ. ಅರ್ಥವಾಗದಿದ್ದರೆ ಚೆನ್ನಾಗಿತ್ತು.

ಅವರನ್ನು ಲಿಫ್ಟಿನವರೆಗೆ ಬಿಟ್ಟು ಬಂದು ಚಂದ್ರಮೋಹನ್ ನನ್ನ ಮೇಜಿನ ಬಳಿ ನಿಂತ.

“ತೃಪ್ತಿ ಆಯ್ತಾ?”

“ಸಾಲು ವಾಪಸ್ ಬಂತಲ್ಲ.”

“ಬಂತು. ಅವರು ರಾತ್ರಿಯೆಲ್ಲ ನಿದ್ದೆ ಮಾಡಿಲ್ಲವಂತೆ, ಐದು ದಿನದಿಂದ. ಅದೂ ಬಂತು.”

ಜುಲೈ 18, ಶುಕ್ರವಾರ

ಕುರೋಕಿ-ಸಾನ್ ಇವತ್ತೇ ನನ್ನನ್ನು ಕಳಿಸಿಬಿಡಬೇಕೆಂದಿದ್ದರಂತೆ. ಹೇಳದೆ ಕೇಳದೆ ಕ್ಲಯಂಟ್ ಕಡೆಯವರ ಮನೆಗೆ ಹೋದದ್ದಕ್ಕೆ. ತಡೆದವನು ಅವನು. “ಮಾಡೆಲ್ ಅವಳದು. ಅವಳಿಲ್ಲದೆ ನಮ್ಮಿಂದ ಆಗಲ್ಲ” ಎಂದನಂತೆ. ಒಮ್ಮೆಯೂ ‘ನಮ್ಮ ಟೀಮ್’ ಎನ್ನಲಿಲ್ಲವಂತೆ. ಆಗಸ್ಟ್ ಕೊನೆಯವರೆಗೆ ಕೆಲಸ ಇದೆ. ರಿನ್ಯೂವಲ್ ಇಲ್ಲ.

ಥ್ಯಾಂಕ್ಸ್ ಹೇಳಲಿಲ್ಲ. ಅವನು ಕೆಟ್ಟವನಾಗಿಯೇ ಇದ್ದಿದ್ದರೆ ಸುಲಭವಿತ್ತು. ಇದಕ್ಕೂ ಅವನ ಮೇಲೆಯೇ ಸಿಟ್ಟು.

ಆಗಸ್ಟ್ 9, ಶನಿವಾರ

ಐದೂ ವಿಮಾನ ಮತ್ತೆ ಸಾಲಿನಲ್ಲಿ ನಿಂತವು. ಬೀದಿಯ ಆಕಾಶಕ್ಕೆ ಯಹಾತಾಕ್ಕೆ ಬಂದ ಎರಡನೆಯದನ್ನೇ ಹಾಕಿದೆ, ದಾರದಂಥ ಹೊಗೆಯ ಸಮೇತ. ಎಷ್ಟು ಎತ್ತರ, ಎಷ್ಟು ಸಣ್ಣ, ಬಿಸಿಲು ಯಾವ ಕಡೆಯಿಂದ... ಮೂರು ವಾರದಿಂದ ಅದೇ. ಕಚೇರಿಯಲ್ಲಿ ಯಾರೂ ಮಾತನಾಡಿಸುವುದಿಲ್ಲ. ಅವನು ಮೇಲ್ ಕಳಿಸುತ್ತಾನೆ, ನಾನು ಮೇಲ್ ಕಳಿಸುತ್ತೇನೆ. ನಡುವೆ ನಾಲ್ಕಡಿ ದೂರ.

ಅಮ್ಮ ಫೋನ್ ಮಾಡಿದ್ದಳು. ಉದ್ಘಾಟನೆಯ ಫೋಟೋ ಕಳಿಸು ಎಂದಳು. ಹೂಂ ಎಂದೆ.

ಆಗಸ್ಟ್ 20, ಬುಧವಾರ. ಸಂಜೆ 5:50

ರಜೆ ಹಾಕಿ ಮನೆಯಲ್ಲಿದ್ದೆ. ಪಾತ್ರೆ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ. ಬಾಂಬ್ ಬಿದ್ದ ಹೊತ್ತು ನಾಲ್ಕೂವರೆ. ಅದೇ ಹೊತ್ತಿಗೆ ಉದ್ಘಾಟನೆ. ಐದಕ್ಕೆ ಫೋನ್ ಬಂತು. ಅವನದು. ಎತ್ತಬಾರದೆಂದುಕೊಂಡೇ ಎತ್ತಿದೆ.

“ರಕ್ಷಾ, ಹಿರಾನೋ-ಸಾನ್ ಹೆಡ್‌ಸೆಟ್ ಹಾಕ್ಕೊಂಡ್ರು.”

“ಹೂಂ.”

“ಕೊಟ್ಟಿಗೆಯಲ್ಲಿ ಎಲ್ಲ ಸುತ್ತಿ ನೋಡಿದ್ರು. ಗೋಡೆ ಬರಹ ಜೋರಾಗಿ ಓದಿದ್ರು. ಆಮೇಲೆ ಬೀದಿಗೆ ಬಂದು ತಲೆ ಎತ್ತಿದ್ರು. ಎಣಿಸೋಕೆ ಶುರು ಮಾಡಿದ್ರು, ಬಾಯಿಬಿಟ್ಟು, ಎಲ್ಲರ ಮುಂದೆ. ಏಳಕ್ಕೋ ಎಂಟಕ್ಕೋ ನಿಲ್ಲಿಸಿ ಹೆಡ್‌ಸೆಟ್ ಕಿತ್ತು ಕೊಟ್ಟುಬಿಟ್ರು.”

ಅವನ ದನಿ ನೆಟ್ಟಗಿರಲಿಲ್ಲ. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು.

“ಏನಂದ್ರು?”

“ಆಕೆಗೆ ತಿಳಿಸಿ ಅಂದ್ರು. ‘ವಿಮಾನ ಸರಿಯಾಗಿದೆ. ಸರಿಯಾಗಿದೆ ಅಂತಲೇ ನೋಡೋಕಾಗಲಿಲ್ಲ.’ ಅಷ್ಟೇ.”

ನಿಧಿಗೆ ಏನಾದರೂ ಅಂದರಾ ಎಂದು ಕೇಳಿದೆ. ಯಾಕೆ ಕೇಳಿದೆನೋ.

“ಒಬ್ಬ ಹುಡುಗ ಕೇಳಿದ, ನಿಮ್ಮೂರಿಂದನಾ ಅಂತ. ಇವಳು ಗೊತ್ತಿಲ್ಲ ಅಂದ್ಲು. ನನ್ನ ಕೈ ಬಿಟ್ಟಿಲ್ಲ ಅವಾಗಿಂದ.” ಆಮೇಲೆ “ಇಡ್ತೀನಿ” ಎಂದ. ಇಟ್ಟ.

ಮಗು ಅವನ ಕೈ ಹಿಡಿದುಕೊಂಡಿದೆ. ಮುದುಕ ಒಬ್ಬರೇ ಮನೆಗೆ ಹೋಗಿ ಮೆಟ್ಟಿಲು ಹತ್ತುತ್ತಿರಬೇಕು. ನಾನು ಸರಿಯಾಗಿದ್ದೆ. ಎರಡು ಗನ್, ಒಂದು ಸಾಲು, ಒಂದು ಊರಿನ ಹೆಸರು, ಎಲ್ಲದರಲ್ಲೂ ಸರಿಯಾಗಿದ್ದೆ.

ಪತ್ರ ಬರೆಯಬೇಕು. ಜಪಾನಿಯಲ್ಲಿ ಆಮೇಲೆ. ಮೊದಲು ಇಲ್ಲಿ, ನನ್ನ ಭಾಷೆಯಲ್ಲಿ.

ಹಿರಾನೋ-ಸಾನ್, ಆ ಶನಿವಾರ ನಾನು ನಿಮ್ಮ ಮನೆಗೆ ಬಂದದ್ದು ನಿಮಗೋಸ್ಕರ ಅಲ್ಲ. ನಿಮ್ಮ ಅಕ್ಕನಿಗೋಸ್ಕರವೂ ಅಲ್ಲ. ನನಗೆ ಒಬ್ಬರ ಮೇಲೆ ಸಿಟ್ಟಿತ್ತು, ಅದನ್ನು ತೀರಿಸಿಕೊಳ್ಳಲು ಬಂದೆ.